ಇಂಗ್ಲೆಂಡಿನ ಕೌನ್ಸಿಲ್‌ನ ಖಾಸಗಿ ಮಸೂದೆಗೆ ಲಾರ್ಡ್ಸ್ ಸಭೆಯಲ್ಲಿ ತಿದ್ದುಪಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಂಟರ್ಬರಿ, ಲೀಡ್ಸ್, ನಾಟಿಂಗ್‌ಹ್ಯಾಮ್, ರೆಡಿಂಗ್. ಇಂಗ್ಲೆಂಡಿನ ಈ ನಾಲ್ಕು ಊರುಗಳ ಕೌನ್ಸಿಲ್‌ಗಳು, ಅಂದರೆ ನಮ್ಮ ನಗರಪಾಲಿಕೆಯಂಥ ಸ್ಥಳೀಯ ಸಂಸ್ಥೆಗಳು, ತಮ್ಮ ಬೀದಿಗಳಲ್ಲಿ ತಿರುಗಾಡಿ ಮಾರುವವರನ್ನು ಹಿಡಿತಕ್ಕೆ ತರಲು ಒಂದೊಂದು ಮಸೂದೆ ಹಿಡಿದು ಪಾರ್ಲಿಮೆಂಟಿಗೆ ಹೋದವು. ಅವು ಕಾಯ್ದೆಯಾಗಿದ್ದು 2013ರಲ್ಲಿ. ಅಷ್ಟರಲ್ಲಿ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್ ಅವುಗಳ ಮುಖ್ಯ ಕಲಮನ್ನೇ ಬದಲಿಸಿತ್ತು. ಹೆಗಲ ಮೇಲೆ ಸಾಮಾನು ಹೊತ್ತು ಮಾರುವವರ ಮಾತನ್ನು ಒಂದು ಪಾರ್ಲಿಮೆಂಟು ಕೂತು ಕೇಳಿ, ಕಾನೂನು ಬರೆಯುವ ಹಂತದಲ್ಲೇ ತಿದ್ದಿದ್ದು ನನಗೆ ತುಂಬಾ ದೊಡ್ಡ ವಿಷಯ. ಅದು ಹೇಗಾಯಿತು ಎಂದು ಕೇಳುವವರಿಗಾಗಿ ಈ ಪ್ರಶ್ನೋತ್ತರ.

ಖಾಸಗಿ ಮಸೂದೆ ಅಂದ್ರೆ ನಮ್ಮಲ್ಲಿ ಸಂಸದರು ಮಂಡಿಸುವ ಖಾಸಗಿ ಸದಸ್ಯರ ಮಸೂದೆಯೇ?

ಅಲ್ಲ. ನಮ್ಮ ರಾಜ್ಯಸಭೆಯಲ್ಲೋ ಲೋಕಸಭೆಯಲ್ಲೋ ಮಂತ್ರಿಯಲ್ಲದ ಸದಸ್ಯರು ತರುವುದು ಖಾಸಗಿ ಸದಸ್ಯರ ಮಸೂದೆ. ಅದು ಪಾಸಾದರೆ ಇಡೀ ದೇಶಕ್ಕೆ ಅನ್ವಯಿಸುತ್ತದೆ. ಬ್ರಿಟನ್ನಿನಲ್ಲೂ ಅಂಥ ಮಸೂದೆಗಳಿವೆ, ಅವು ಬೇರೆ.

ಇಲ್ಲಿ ಹೇಳುತ್ತಿರುವ ಖಾಸಗಿ ಮಸೂದೆಯನ್ನು ತರುವುದು ಪಾರ್ಲಿಮೆಂಟಿನ ಹೊರಗಿನ ಒಂದು ಸಂಸ್ಥೆ. ಅದು ಕೌನ್ಸಿಲ್ ಇರಬಹುದು, ಬಂದರು ಮಂಡಳಿ ಇರಬಹುದು, ವಿಶ್ವವಿದ್ಯಾಲಯ ಇರಬಹುದು. ತನಗೆ ಅಥವಾ ತನ್ನ ಊರಿಗೆ ಮಾತ್ರ ಬೇಕಾದ ವಿಶೇಷ ಅಧಿಕಾರವನ್ನು ಅದು ಪಾರ್ಲಿಮೆಂಟಿನ ಹತ್ತಿರ ಅರ್ಜಿ ಹಾಕಿ ಕೇಳುತ್ತದೆ. ಮಸೂದೆ ತಂದವರನ್ನು ಪ್ರವರ್ತಕರು ಎನ್ನೋಣ. ಅವರು ಅರ್ಜಿದಾರರಂತೆ ಬಾಗಿಲಲ್ಲಿ ನಿಂತಿರುವುದರಿಂದ, ಅವರ ಮಸೂದೆಯಿಂದ ಪೆಟ್ಟು ತಿನ್ನುವವರಿಗೂ ಬಾಗಿಲು ತೆರೆದಿರಬೇಕು ಎಂಬುದು ಈ ಪದ್ಧತಿಯ ತಿರುಳು. ಹಾಗಾಗಿ ಅರ್ಧ ಶಾಸನ ಸಭೆ, ಅರ್ಧ ಕೋರ್ಟು ಎಂಬಂತೆ ಇದರ ಕಲಾಪ ನಡೆಯುತ್ತದೆ.

ಕೌನ್ಸಿಲ್‌ಗೆ ತನ್ನದೇ ಬೈಲಾ ಮಾಡುವ ಅಧಿಕಾರ ಇದೆಯಲ್ಲ? ಪಾರ್ಲಿಮೆಂಟಿಗೆ ಯಾಕೆ ಹೋಗಬೇಕು?

ಬೈಲಾ ಮಾಡಿ ಪಾರ್ಲಿಮೆಂಟಿನ ಕಾಯ್ದೆಯನ್ನು ಬದಲಿಸಲು ಆಗುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಬೀದಿ ವ್ಯಾಪಾರಕ್ಕೆ 1982ರ ಸ್ಥಳೀಯ ಸರ್ಕಾರ ಕಾಯ್ದೆಯೊಂದರ 4ನೇ ಅನುಸೂಚಿ ಇದೆ. ಕೌನ್ಸಿಲ್ ಅದನ್ನು ಅಳವಡಿಸಿಕೊಂಡರೆ, ಯಾವ ಬೀದಿಯಲ್ಲಿ ಮಾರಲು ಲೈಸೆನ್ಸ್ ಬೇಕು, ಎಲ್ಲಿ ಮಾರಲೇಬಾರದು ಎಂದು ಗೊತ್ತುಮಾಡಬಹುದು. ಆದರೆ ಅದೇ ಅನುಸೂಚಿ ಪೆಡ್ಲರ್‌ಗಳಿಗೆ ವಿನಾಯಿತಿ ಕೊಟ್ಟಿದೆ. ಪೊಲೀಸರಿಂದ ಪಡೆದ ಪೆಡ್ಲರ್ ಸರ್ಟಿಫಿಕೇಟ್ ಇಟ್ಟುಕೊಂಡು ನಿಯಮದಂತೆ ತಿರುಗಾಡಿ ಮಾರುವವರಿಗೆ ಕೌನ್ಸಿಲ್‌ನ ಲೈಸೆನ್ಸ್ ಬೇಕಿಲ್ಲ. ಕೌನ್ಸಿಲ್‌ಗಳ ಕಣ್ಣು ಬಿದ್ದಿದ್ದು ಈ ವಿನಾಯಿತಿಯ ಮೇಲೆ. ಅದನ್ನು ಕಿರಿದುಮಾಡಲು ಅವುಗಳ ಮುಂದಿದ್ದ ದಾರಿ ಖಾಸಗಿ ಮಸೂದೆ.

ಪೆಡ್ಲರ್ ಅಂದರೆ ಯಾರು? ತಳ್ಳುಗಾಡಿಯವರಾ?

1871ರ ಪೆಡ್ಲರ್ಸ್ ಕಾಯ್ದೆಯ ಪ್ರಕಾರ, ಕುದುರೆಯಾಗಲಿ ಬೇರೆ ಪ್ರಾಣಿಯಾಗಲಿ ಇಲ್ಲದೆ, ಕಾಲ್ನಡಿಗೆಯಲ್ಲಿ ಊರಿಂದ ಊರಿಗೆ ಅಥವಾ ಮನೆಯಿಂದ ಮನೆಗೆ ಹೋಗಿ ಸಾಮಾನು ಮಾರುವವರು. ಕೊಡೆ ರಿಪೇರಿ, ಚಾಕು ಮಸೆಯುವಂಥ ಕೆಲಸದವರೂ ಅದರಲ್ಲಿ ಸೇರುತ್ತಾರೆ. ವಯಸ್ಸು 17 ದಾಟಿರಬೇಕು, ಆ ಪೊಲೀಸ್ ಪ್ರದೇಶದಲ್ಲಿ ಒಂದು ತಿಂಗಳಾದರೂ ವಾಸವಿರಬೇಕು, ಒಳ್ಳೆಯ ನಡತೆ ಇರಬೇಕು. ಸರ್ಟಿಫಿಕೇಟ್ ಒಂದು ವರ್ಷ ನಡೆಯುತ್ತದೆ. ಶುಲ್ಕ 12.25 ಪೌಂಡ್. ಒಮ್ಮೆ ಪಡೆದರೆ ಯಾವ ಊರಲ್ಲಿ ಬೇಕಾದರೂ ಮಾರಬಹುದು. ಬಂಡವಾಳ ಇಲ್ಲದವರಿಗೆ ಇದಕ್ಕಿಂತ ಸುಲಭದ ದುಡಿಮೆಯ ದಾರಿ ಸಿಗುವುದು ಕಷ್ಟ.

ಒಂದು ಮೂಲೆಯಲ್ಲಿ ಗಾಡಿ ನಿಲ್ಲಿಸಿಕೊಂಡು ಗಿರಾಕಿ ಬರಲಿ ಎಂದು ಕಾಯುವವರು ಪೆಡ್ಲರ್ ಅಲ್ಲ. ಕೋರ್ಟುಗಳು ಇದನ್ನು ಚೆನ್ನಾಗಿ ಬಿಡಿಸಿ ಹೇಳಿವೆ: ಪೆಡ್ಲರ್ ನಡೆಯುತ್ತಾ ಮಾರುತ್ತಾರೆ. ಒಂದು ಜಾಗಕ್ಕೆ ನಡೆದುಹೋಗಿ ಅಲ್ಲಿ ನಿಂತು ಮಾರುವವರು ಬೀದಿ ವ್ಯಾಪಾರಿ, ಅವರಿಗೆ ಕೌನ್ಸಿಲ್ ಲೈಸೆನ್ಸ್ ಬೇಕು. ಗಿರಾಕಿ ಬಂದಾಗ ನಿಲ್ಲುವುದು ತಪ್ಪಲ್ಲ. ಎಷ್ಟು ಹೊತ್ತು ನಿಂತರೆ ಅದು ಅಂಗಡಿಯಾಗುತ್ತದೆ ಎಂಬುದರ ಮೇಲೆಯೇ ಜಗಳ. ದೊಡ್ಡ ದೊಡ್ಡ ಗಾಡಿ ತಂದು, ಹೆಸರಿಗೆ ನಾಲ್ಕು ಹೆಜ್ಜೆ ಸರಿಸಿ, ಪೆಡ್ಲರ್ ಸರ್ಟಿಫಿಕೇಟ್ ತೋರಿಸುವವರಿದ್ದಾರೆ ಎಂಬುದು ಕೌನ್ಸಿಲ್‌ಗಳ ದೂರು. ಬಾಡಿಗೆ, ಲೈಸೆನ್ಸ್ ಶುಲ್ಕ ಕಟ್ಟುವ ಇತರ ವ್ಯಾಪಾರಿಗಳಿಗೆ ಅದರಿಂದ ಅನ್ಯಾಯ ಎಂಬ ಅವರ ವಾದದಲ್ಲೂ ಹುರುಳಿದೆ. ಆದರೆ ಆ ಕೆಲವರನ್ನು ಹಿಡಿಯಲು ಇಡೀ ಕಸುಬನ್ನೇ ಬೀದಿಯಿಂದ ಓಡಿಸಬೇಕೇ?

ಬೇರೆ ಊರುಗಳು ಇದನ್ನು ಮೊದಲೇ ಮಾಡಿದ್ದವೇ?

ಹೌದು. ವೆಸ್ಟ್‌ಮಿನ್‌ಸ್ಟರ್ 1999ರಲ್ಲಿ, ನ್ಯೂಕ್ಯಾಸಲ್ 2000ದಲ್ಲಿ, ಮೆಡ್‌ವೇ 2004ರಲ್ಲಿ, ಲೆಸ್ಟರ್, ಲಿವರ್‌ಪೂಲ್ ಮತ್ತು ಮೇಡ್‌ಸ್ಟೋನ್ 2006ರಲ್ಲಿ ತಮ್ಮದೇ ಕಾಯ್ದೆ ಪಡೆದಿದ್ದವು. 2010ರಲ್ಲಿ ಬೋರ್ನ್‌ಮತ್ ಮತ್ತು ಮ್ಯಾಂಚೆಸ್ಟರ್ ಪಡೆದವು. ಮನೆ ಮನೆಗೆ ಹೋಗಿ ಮಾರಿದರೆ ಮಾತ್ರ ವಿನಾಯಿತಿ, ಬೀದಿಯಲ್ಲಿ ಮಾರಿದರೆ ಇಲ್ಲ ಎಂಬುದು ಈ ಕಾಯ್ದೆಗಳ ಸಾಮಾನ್ಯ ಅಚ್ಚು. ಒಂದೊಂದೇ ಊರು ಹೀಗೆ ಮಾಡುತ್ತಾ ಹೋದರೆ, ದೇಶಕ್ಕೆಲ್ಲ ನಡೆಯುವ ಸರ್ಟಿಫಿಕೇಟಿಗೆ ಬೆಲೆ ಎಲ್ಲಿ ಉಳಿಯುತ್ತದೆ? ಪೆಡ್ಲರ್‌ಗಳು ಎದ್ದು ನಿಂತಿದ್ದು ಈ ಭಯಕ್ಕೇ.

ಕೌನ್ಸಿಲ್ ಮಸೂದೆ ತರಲು ಏನೇನು ಮಾಡಬೇಕು?

1972ರ ಸ್ಥಳೀಯ ಸರ್ಕಾರ ಕಾಯ್ದೆಯ 239ನೇ ಸೆಕ್ಷನ್ ಪ್ರಕಾರ, ಮೊದಲು ಸ್ಥಳೀಯ ಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು. 30 ದಿನ ಬಿಟ್ಟು ಸಭೆ ಸೇರಿ ನಿರ್ಣಯ ಮಾಡಬೇಕು. ಹಾಜರಿದ್ದವರ ಬಹುಮತ ಸಾಲದು, ಕೌನ್ಸಿಲ್‌ನ ಒಟ್ಟು ಸದಸ್ಯರ ಬಹುಮತ ಬೇಕು. ಮಸೂದೆ ಸಲ್ಲಿಸಿದ ಮೇಲೆ ಮತ್ತೊಂದು ಸಭೆ ಕರೆದು ಅಷ್ಟೇ ಬಹುಮತದಿಂದ ನಿರ್ಣಯವನ್ನು ಖಾಯಂ ಮಾಡಬೇಕು. ಆಗದಿದ್ದರೆ ಮಸೂದೆ ವಾಪಸ್.

ಸಲ್ಲಿಸಲು ವರ್ಷಕ್ಕೆ ಒಂದೇ ಗಡುವು, ನವೆಂಬರ್ 27. ನಂತರ ಎಕ್ಸಾಮಿನರ್ ಎಂಬ ಅಧಿಕಾರಿಗಳು ನೋಟಿಸು, ಜಾಹೀರಾತು ಎಲ್ಲ ಸರಿಯಾಗಿದೆಯೇ ಎಂದು ನೋಡುತ್ತಾರೆ. ಕೌನ್ಸಿಲ್ ಪರವಾಗಿ ಈ ಕೆಲಸ ಮಾಡಲು ಪಾರ್ಲಿಮೆಂಟರಿ ಏಜೆಂಟ್ ಎಂಬ ವಿಶೇಷ ವಕೀಲರಿದ್ದಾರೆ. ಮಸೂದೆ ಎಲ್ಲಿ ಶುರುವಾಗಬೇಕು, ಕೆಳಮನೆಯಾದ ಹೌಸ್ ಆಫ್ ಕಾಮನ್ಸಿನಲ್ಲೋ ಲಾರ್ಡ್ಸಿನಲ್ಲೋ ಎಂಬುದನ್ನು ಎರಡೂ ಮನೆಯವರು ಹಂಚಿಕೊಳ್ಳುತ್ತಾರೆ. ನಮ್ಮ ನಾಲ್ಕು ಮಸೂದೆಗಳು ಕಾಮನ್ಸಿನಲ್ಲಿ ಶುರುವಾಗಿ ಲಾರ್ಡ್ಸಿಗೆ ಬಂದವು.

ಲಾರ್ಡ್ಸಿನಲ್ಲಿ ಎರಡನೇ ವಾಚನ (ಸದನದಲ್ಲಿ ಮಸೂದೆ ದಾಟಬೇಕಾದ ಎರಡನೇ ಹಂತ) ಆಯಿತು ಅಂದರೆ ಮಸೂದೆಯ ತತ್ವವನ್ನು ಒಪ್ಪಿಕೊಂಡಂತೆ ಅಲ್ವಾ?

ಸರ್ಕಾರಿ ಮಸೂದೆಯಾದರೆ ಹೌದು. ಖಾಸಗಿ ಮಸೂದೆಗೆ ಹಾಗಲ್ಲ. ಲಾರ್ಡ್ಸಿನಲ್ಲಿ ಖಾಸಗಿ ಮಸೂದೆಯ ಎರಡನೇ ವಾಚನಕ್ಕೆ, ಇದನ್ನು ಸಮಿತಿಗೆ ಕಳಿಸೋಣ ಎನ್ನುವಷ್ಟೇ ಅರ್ಥ. ಈ ಮಸೂದೆ ಬೇಕೇ ಬೇಡವೇ ಎಂಬ ಮೂಲ ಪ್ರಶ್ನೆ ಸಮಿತಿಯಲ್ಲೂ ಮೂರನೇ ವಾಚನದಲ್ಲೂ ಮತ್ತೆ ಏಳಬಹುದು. ಎರಡನೇ ವಾಚನ ಮುಗಿಯಿತು, ಇನ್ನೇನೂ ಮಾಡಲಾಗದು ಎಂದು ಕೈಚೆಲ್ಲುವವರು ಇದನ್ನು ನೆನಪಿಡಬೇಕು.

ಎರಡನೇ ವಾಚನದ ಹೊತ್ತಿಗೆ ಸದಸ್ಯರೊಬ್ಬರು ಸಮಿತಿಗೆ ಸೂಚನೆ ಕೊಡುವ ಗೊತ್ತುವಳಿ ತರಬಹುದು. ಇಂಥ ಅಂಶವನ್ನು ವಿಶೇಷವಾಗಿ ಗಮನಿಸಿ ಎಂದು ಸದನವೇ ಹೇಳಿದಂತೆ ಆಗುತ್ತದೆ.

ಮಸೂದೆಯ ವಿರುದ್ಧ ಅರ್ಜಿ ಯಾರು ಹಾಕಬಹುದು?

ಮಸೂದೆಯಿಂದ ನೇರವಾಗಿ, ವಿಶೇಷವಾಗಿ ತೊಂದರೆಯಾಗುವ ಯಾರು ಬೇಕಾದರೂ. ಶುಲ್ಕ 20 ಪೌಂಡ್. ಲಾರ್ಡ್ಸಿನಲ್ಲೇ ಶುರುವಾದ ಮಸೂದೆಗೆ ಕೊನೆಯ ದಿನ ಫೆಬ್ರುವರಿ 6. ಕಾಮನ್ಸಿನಿಂದ ಬಂದ ಮಸೂದೆಯಾದರೆ ಲಾರ್ಡ್ಸಿನ ಮೊದಲ ವಾಚನದಿಂದ ಲೆಕ್ಕ, ಸಿಗುವ ದಿನಗಳು ತೀರಾ ಕಡಿಮೆ. ಕಾಮನ್ಸಿನಲ್ಲಿ ಅರ್ಜಿ ಹಾಕಿದವರೂ ಲಾರ್ಡ್ಸಿನಲ್ಲಿ ಹೊಸದಾಗಿ ಹಾಕಬೇಕು. ಅಲ್ಲಿ ಸೋತವರಿಗೂ ಇಲ್ಲಿ ಇನ್ನೊಂದು ಅವಕಾಶ ಇದೆ ಎಂದೂ ಇದರ ಅರ್ಥ.

ನೀವು ಆ ಊರಿನ ನಿವಾಸಿಯೇ ಆಗಿರಬೇಕು ಎಂದೇನಿಲ್ಲ. ಸರ್ಟಿಫಿಕೇಟ್ ಎಲ್ಲ ಊರುಗಳಲ್ಲೂ ನಡೆಯುವುದರಿಂದ, ಬೇರೆ ಊರಿನ ಪೆಡ್ಲರ್‌ಗೂ ಲೀಡ್ಸಿನ ಮಸೂದೆಯಿಂದ ಹೊಟ್ಟೆಪಾಡಿಗೆ ಪೆಟ್ಟು ಬೀಳಬಹುದು. ಅರ್ಜಿದಾರರಿಗೆ ಮಾತಾಡುವ ಹಕ್ಕಿಲ್ಲ ಎಂದು ಪ್ರವರ್ತಕರು ತಕರಾರು ಎತ್ತಬಹುದು. ಲಾರ್ಡ್ಸಿನಲ್ಲಿ ಅದನ್ನು ತೀರ್ಮಾನಿಸುವುದು ಆ ಮಸೂದೆಯ ಸಮಿತಿಯೇ.

ಆ ಸಮಿತಿಯಲ್ಲಿ ಯಾರಿರುತ್ತಾರೆ? ಅಲ್ಲಿ ಏನು ನಡೆಯುತ್ತದೆ?

ವಿರೋಧ ಇರುವ ಮಸೂದೆಯಾದರೆ ಐವರು ಲಾರ್ಡ್‌ಗಳ ಸೆಲೆಕ್ಟ್ ಕಮಿಟಿ. ಕಾಮನ್ಸಿನಲ್ಲಾದರೆ ನಾಲ್ವರು. ಮಸೂದೆಯಲ್ಲಿ ಸ್ವಂತ ಹಿತಾಸಕ್ತಿ ಇರುವವರು ಕೂರುವಂತಿಲ್ಲ. ಸದಸ್ಯರು ಪ್ರತಿ ದಿನದ ಕಲಾಪದಲ್ಲೂ ಪೂರ್ತಿ ಇರಬೇಕು. ಸಾಕ್ಷ್ಯ ಅರ್ಧ ಕೇಳಿ ಎದ್ದುಹೋಗಿ, ಕೊನೆಗೆ ಬಂದು ಮತ ಹಾಕುವುದು ಇಲ್ಲಿ ನಡೆಯದು. ನಮ್ಮ ಸದನ ಸಮಿತಿಗಳಿಗೂ ಈ ಒಂದು ನಿಯಮ ಬಂದರೆ ಎಷ್ಟು ಚೆನ್ನ.

ಮೊದಲು ಕೌನ್ಸಿಲ್‌ನ ವಕೀಲರು ತಮ್ಮ ವಾದ ಇಡುತ್ತಾರೆ. ಕೌನ್ಸಿಲ್ ಅಧಿಕಾರಿಗಳು ಸಾಕ್ಷಿ ಹೇಳುತ್ತಾರೆ. ಅವರನ್ನು ಅರ್ಜಿದಾರರು ಪಾಟೀಸವಾಲು ಮಾಡಬಹುದು. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಬೀದಿಯಲ್ಲಿ ತನ್ನನ್ನು ತಡೆಯುವ ಇಲಾಖೆಯ ಅಧಿಕಾರಿ ಎದುರು ಕೂತಿದ್ದಾರೆ. ತಾನು ಎದ್ದು ನಿಂತು, ಎಷ್ಟು ದೂರು ಬಂದಿವೆ, ಅದರಲ್ಲಿ ನಿಜವಾದ ಪೆಡ್ಲರ್‌ಗಳ ಮೇಲೆ ಎಷ್ಟು, ಈಗಿರುವ ಕಾನೂನಿನಡಿ ಎಷ್ಟು ಕೇಸು ಹಾಕಿದ್ದೀರಿ ಎಂದು ಕೇಳಬಹುದು, ಅವರು ಉತ್ತರ ಕೊಡಲೇಬೇಕು. ಸಾಮಾನ್ಯರಿಗೆ ಇಂಥ ಬಲ ಕೊಡುವ ಶಾಸನ ಪದ್ಧತಿ ಜಗತ್ತಿನಲ್ಲಿ ಹೆಚ್ಚಿಲ್ಲ ಎಂದೇ ನನ್ನ ನಂಬಿಕೆ. ವಕೀಲರನ್ನು ಇಡಬೇಕೆಂಬ ಕಡ್ಡಾಯವೂ ಇಲ್ಲ. ತಮ್ಮ ಪರವಾಗಿ ತಾವೇ ಮಾತಾಡಬಹುದು.

ಆಮೇಲೆ ಅರ್ಜಿದಾರರ ಸರದಿ. ಕೊನೆಗೆ ಸಮಿತಿ ಎಲ್ಲರನ್ನೂ ಹೊರಗೆ ಕಳಿಸಿ ಚರ್ಚಿಸಿ ತೀರ್ಮಾನ ಹೇಳುತ್ತದೆ. ಮಸೂದೆಯ ಪೀಠಿಕೆಯಲ್ಲಿ, ಇಂಥ ಕಾರಣಕ್ಕೆ ಈ ಅಧಿಕಾರ ಬೇಕು ಎಂದು ಬರೆದಿರುತ್ತದೆ. ಅದನ್ನು ಸಾಬೀತು ಮಾಡುವ ಹೊಣೆ ಕೌನ್ಸಿಲ್‌ನದು. ಸಾಬೀತಾಗಲಿಲ್ಲ ಎಂದು ಸಮಿತಿ ಹೇಳಿದರೆ ಮಸೂದೆ ಅಲ್ಲಿಗೇ ಸತ್ತಂತೆ. ಸಾಬೀತಾಯಿತು ಎಂದರೆ ಕಲಮುಗಳ ಪರಿಶೀಲನೆ, ತಿದ್ದುಪಡಿ.

ಸಮಿತಿ ಯಾವ ಮಟ್ಟದ ತಿದ್ದುಪಡಿ ಮಾಡಬಹುದು?

ಕಲಂ ತೆಗೆಯಬಹುದು, ಷರತ್ತು ಸೇರಿಸಬಹುದು, ಅಧಿಕಾರವನ್ನು ಕಿರಿದುಮಾಡಬಹುದು. ಹಿಗ್ಗಿಸುವುದು ಮಾತ್ರ ಕಷ್ಟ. ಕಾರಣ ಸರಳ. ಜಾಹೀರಾತು ನೋಡಿ, ಇದರಿಂದ ನನಗೇನೂ ಆಗದು ಎಂದು ಸುಮ್ಮನಿದ್ದವರ ಮೇಲೆ ಹೊಸ ಹೊರೆ ಹಾಕಿದರೆ ಅವರಿಗೆ ಅರ್ಜಿ ಹಾಕಲು ಅವಕಾಶ ಎಲ್ಲಿ? ಹೊಸ ಅಧಿಕಾರ ಸೇರಿಸಬೇಕಾದರೆ ಪ್ರವರ್ತಕರು ಅದಕ್ಕೇ ಬೇರೆ ಅರ್ಜಿ ಕೊಟ್ಟು, ಮತ್ತೆ ನೋಟಿಸು ಹೊರಡಿಸಬೇಕು. ಅದೂ ಮಸೂದೆ ಮೊದಲ ಸದನದಲ್ಲಿರುವಾಗ ಮಾತ್ರ. ಹಾಗಾಗಿ ಎರಡನೇ ಸದನಕ್ಕೆ ಬಂದ ಮಸೂದೆ ಅಲ್ಲಿ ಸಾಮಾನ್ಯವಾಗಿ ಮೆತ್ತಗಾಗುತ್ತದೆಯೇ ಹೊರತು ಗಡುಸಾಗುವುದಿಲ್ಲ.

ಪ್ರವರ್ತಕರೂ ತಾವಾಗಿಯೇ ತಿದ್ದುಪಡಿ ತರುತ್ತಾರೆ. ಅವನ್ನೆಲ್ಲ ಸೇರಿಸಿ ಬರೆದ ಪ್ರತಿಗೆ ಭರ್ತಿ ಮಾಡಿದ ಮಸೂದೆ ಎಂಬ ಅರ್ಥದ ಹೆಸರಿದೆ, ಅದು ಸಮಿತಿಯ ಮುಂದಿರುತ್ತದೆ. ಅರ್ಜಿದಾರರ ಜೊತೆ ಮೊದಲೇ ಮಾತುಕತೆಯಾಗಿ, ಒಂದು ಕಲಂ ಸಡಿಲಿಸಿ ಅರ್ಜಿ ವಾಪಸ್ ತೆಗೆಸುವುದೂ ಉಂಟು. ಕೆಲವು ಸಲ ಮಸೂದೆಯನ್ನು ಮುಟ್ಟದೆ, ಹೀಗೆ ನಡೆದುಕೊಳ್ಳುತ್ತೇವೆ ಎಂದು ಕೌನ್ಸಿಲ್ ಸಮಿತಿಯ ಮುಂದೆ ಮಾತು ಕೊಡುತ್ತದೆ. ನನ್ನ ಪ್ರಕಾರ ಅರ್ಜಿದಾರರು ಆದಷ್ಟೂ ತಿದ್ದುಪಡಿಯನ್ನೇ ಕೇಳಬೇಕು. ಹತ್ತು ವರ್ಷ ಬಿಟ್ಟು ಬೀದಿಗೆ ಬರುವ ಹೊಸ ಅಧಿಕಾರಿ ಓದುವುದು ಕಾಯ್ದೆಯನ್ನು.

ಆ ನಾಲ್ಕು ಮಸೂದೆಗಳಲ್ಲಿ ಕೊನೆಗೆ ಬದಲಾಗಿದ್ದೇನು?

ಮನೆ ಮನೆಗೆ ಹೋಗುವವರಿಗೆ ಮಾತ್ರ ವಿನಾಯಿತಿ ಎಂಬ ಹಳೆಯ ಅಚ್ಚನ್ನೇ ಈ ಕೌನ್ಸಿಲ್‌ಗಳೂ ತಂದಿದ್ದವು. ಬೀದಿ ವ್ಯಾಪಾರದ ನಿಯಮ ಮುರಿದವರ ಸಾಮಾನು ಜಪ್ತಿ ಮಾಡುವ, ಸ್ಥಳದಲ್ಲೇ ದಂಡ ಹಾಕುವ ಅಧಿಕಾರವನ್ನೂ ಕೇಳಿದ್ದವು. ಲಾರ್ಡ್ಸ್ ಸಮಿತಿ ನಾಲ್ಕನ್ನೂ ಒಟ್ಟಿಗೆ ವಿಚಾರಣೆ ಮಾಡಿತು. ಪೆಡ್ಲರ್‌ಗಳ ವಾದ ಕೇಳಿದ ಮೇಲೆ, ಬೀದಿಯಿಂದ ಪೂರ್ತಿ ಹೊರಗಿಡುವುದು ಅತಿಯಾಯಿತು ಎಂಬ ನಿಲುವಿಗೆ ಬಂತು. ಬೇರೆ ದಾರಿ ಹಿಡಿಯಿತು: ಪೆಡ್ಲರ್ ಬಳಸುವ ಗಾಡಿಯ ಅಗಲ, ಎತ್ತರಕ್ಕೆ ಮಿತಿ. ಮೈಮೇಲೆ ಹೊತ್ತು, ಅಥವಾ ಸಣ್ಣ ಕೈಗಾಡಿಯಲ್ಲಿ ಇಟ್ಟುಕೊಂಡು ತಿರುಗುವವರ ಬದುಕು ಉಳಿಯಿತು. ದೊಡ್ಡ ಗಾಡಿಯವರಿಗೆ ವಿನಾಯಿತಿ ತಪ್ಪಿತು.

ಕೌನ್ಸಿಲ್‌ನ ನಿಜವಾದ ದೂರು ಏನಿತ್ತೋ ಅದಕ್ಕೇ ನೇರವಾಗಿ ಅಳತೆ ತೆಗೆದ ಅಂಗಿಯಂತೆ ಈ ತಿದ್ದುಪಡಿ ಕೂತಿತು. ಪಕ್ಷದ ಲೆಕ್ಕಾಚಾರದ ಚರ್ಚೆಯಲ್ಲಿ ಇಂಥದ್ದು ಹುಟ್ಟುವುದು ಅಪರೂಪ. ಯಾವ ಗಾಡಿ ತೊಂದರೆ, ಯಾವುದು ಅಲ್ಲ ಎಂದು ಬೀದಿಯಲ್ಲಿ ದುಡಿಯುವವರೇ ಬಂದು ಹೇಳಿದ್ದರಿಂದ ಹುಟ್ಟಿತು.

ಯುರೋಪಿನ ಕಾನೂನು ಇದರಲ್ಲಿ ಎಲ್ಲಿಂದ ಬಂತು?

ಆಗ ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿತ್ತು. ಒಕ್ಕೂಟದ 2006ರ ಸೇವೆಗಳ ನಿರ್ದೇಶನವನ್ನು ಬ್ರಿಟನ್ 2009ರಲ್ಲಿ ತನ್ನ ನಿಯಮವಾಗಿ ತಂದಿತ್ತು. ವ್ಯಾಪಾರಕ್ಕೆ ಕಟ್ಟುಪಾಡು ಹಾಕಬೇಕಾದರೆ ಅದಕ್ಕೆ ತಕ್ಕ ಕಾರಣ ಇರಬೇಕು, ಅಗತ್ಯಕ್ಕಿಂತ ಜಾಸ್ತಿ ಇರಬಾರದು ಎಂಬುದು ಅದರ ಸಾರ. ಪೆಡ್ಲರ್‌ಗಳೂ ಅದರ ವ್ಯಾಪ್ತಿಗೆ ಬರುತ್ತಾರೆ ಎಂದು ಸರ್ಕಾರ ಹೇಳಿದ ಮೇಲೆ, ಮಸೂದೆಗಳ ಹಳೆಯ ಕಲಮುಗಳನ್ನು ಇದ್ದ ಹಾಗೇ ಸಮರ್ಥಿಸಿಕೊಳ್ಳುವುದು ಕೌನ್ಸಿಲ್‌ಗಳಿಗೆ ಕಷ್ಟವಾಯಿತು. ಮಾನವ ಹಕ್ಕುಗಳ ಒಡಂಬಡಿಕೆಗೆ ಮಸೂದೆ ಹೊಂದುತ್ತದೆ ಎಂದು ಪ್ರವರ್ತಕರು ಹೇಳಿಕೆ ಕೊಡಬೇಕು, ಮಂತ್ರಿ ಅದರ ಬಗ್ಗೆ ವರದಿ ಕೊಡಬೇಕು ಎಂಬ ನಿಯಮವೂ ಇದೆ.

ಯಾರೂ ಅರ್ಜಿ ಹಾಕದಿದ್ದರೆ ಮಸೂದೆ ಹಾಗೇ ಪಾಸಾಗುತ್ತದಾ?

ವಿರೋಧವಿಲ್ಲದ ಮಸೂದೆಗಳಿಗೆ ಬೇರೆ ಸಣ್ಣ ಸಮಿತಿ ಇದೆ. ಸೀನಿಯರ್ ಡೆಪ್ಯೂಟಿ ಸ್ಪೀಕರ್ ಅದನ್ನು ನೋಡಿಕೊಳ್ಳುತ್ತಾರೆ. 2016ರವರೆಗೆ ಈ ಹುದ್ದೆಗೆ ಚೇರ್ಮನ್ ಆಫ್ ಕಮಿಟೀಸ್ ಎಂಬ ಹೆಸರಿತ್ತು. ಅವರ ಕಾನೂನು ಸಲಹೆಗಾರರು ಕಲಂ ಕಲಂ ನೋಡಿ ಪ್ರಶ್ನೆ ಹಾಕುತ್ತಾರೆ. ಅಲ್ಲೂ ತಿದ್ದುಪಡಿಗಳಾಗುತ್ತವೆ. ಆದರೆ ಬೀದಿಯ ಅನುಭವ ಹೇಳಲು ಅಲ್ಲಿ ಯಾರೂ ಇರುವುದಿಲ್ಲ.

ಸಮಿತಿ ಮುಗಿದ ಮೇಲೆ ಲಾರ್ಡ್‌ಗಳು ಮತ್ತೆ ತಿದ್ದುಪಡಿ ತರಬಹುದಾ?

ಮೂರನೇ ವಾಚನದಲ್ಲಿ ತರಬಹುದು, ಮುಂಚೆಯೇ ನೋಟಿಸು ಕೊಟ್ಟು. ಆದರೆ ಸಾಕ್ಷ್ಯ ಕೇಳಿದ ಸಮಿತಿಯ ತೀರ್ಮಾನವನ್ನು ಸಾಕ್ಷ್ಯ ಕೇಳದವರು ತಲೆಕೆಳಗು ಮಾಡಲು ಸದನ ಸುಲಭವಾಗಿ ಒಪ್ಪುವುದಿಲ್ಲ. ಇದು ಸರಿಯಾದ ಸಂಕೋಚ.

ನಂತರ ತಿದ್ದುಪಡಿಗಳು ಕಾಮನ್ಸಿಗೆ ಹೋಗುತ್ತವೆ. ಎರಡೂ ಸದನ ಒಂದೇ ಪಠ್ಯವನ್ನು ಒಪ್ಪಿದರೆ ಮಾತ್ರ ಅಂಕಿತ. ಲಾರ್ಡ್ಸನ್ನು ದಾಟಿಕೊಂಡು ಹೋಗಲು ಕಾಮನ್ಸಿಗೆ ಬಲ ಕೊಡುವ 1911ರ ಪಾರ್ಲಿಮೆಂಟ್ ಕಾಯ್ದೆ ಖಾಸಗಿ ಮಸೂದೆಗಳಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಇಲ್ಲಿ ಮೇಲ್ಮನೆಯ ಮಾತಿಗೆ ಪೂರ್ತಿ ತೂಕ.

ಈ ನಾಲ್ಕು ಮಸೂದೆಗಳು ಕಾಯ್ದೆಯಾಗಲು ವರ್ಷಗಳೇ ಯಾಕೆ ಹಿಡಿದವು?

ಕಾಮನ್ಸಿನಲ್ಲಿ ಒಬ್ಬ ಸದಸ್ಯ ಆಕ್ಷೇಪ ಎಂದು ಕೂಗಿದರೂ ಸಾಕು, ಖಾಸಗಿ ಮಸೂದೆ ಚರ್ಚೆಯಿಲ್ಲದೆ ಮುಂದೆ ಸಾಗುವುದಿಲ್ಲ. ಕನ್ಸರ್ವೇಟಿವ್ ಸಂಸದ ಕ್ರಿಸ್ಟೋಫರ್ ಚೋಪ್ ಈ ಮಸೂದೆಗಳನ್ನು ಪಟ್ಟುಬಿಡದೆ ವಿರೋಧಿಸಿದರು. ನಡುವೆ 2010ರ ಚುನಾವಣೆ ಬಂತು. ಸರ್ಕಾರಿ ಮಸೂದೆಯಾದರೆ ಪಾರ್ಲಿಮೆಂಟ್ ವಿಸರ್ಜನೆಯಾದಾಗ ಬಿದ್ದುಹೋಗುತ್ತದೆ. ಖಾಸಗಿ ಮಸೂದೆಯನ್ನು ಹೊಸ ಪಾರ್ಲಿಮೆಂಟಿನಲ್ಲಿ ನಿಲ್ಲಿಸಿದ ಹಂತದಿಂದ ಮುಂದುವರಿಸಬಹುದು. ಈ ತಡ ಪೆಡ್ಲರ್‌ಗಳಿಗೆ ಒಳ್ಳೆಯದೇ ಮಾಡಿತು. ಸೇವೆಗಳ ನಿಯಮ ಬಂದಿದ್ದು, ಡರ್ಹಮ್ ವಿಶ್ವವಿದ್ಯಾಲಯದವರು ಸರ್ಕಾರಕ್ಕಾಗಿ ಪೆಡ್ಲರ್‌ಗಳ ಬಗ್ಗೆ ಅಧ್ಯಯನ ಮಾಡಿಕೊಟ್ಟಿದ್ದು ಈ ಅವಧಿಯಲ್ಲೇ.

ಕರ್ನಾಟಕದಲ್ಲಿ ಒಂದು ನಗರಪಾಲಿಕೆ ಹೀಗೆ ಮಸೂದೆ ತರಬಹುದಾ?

ಇಲ್ಲ. ನಮ್ಮಲ್ಲಿ ಈ ಬಗೆಯ ಖಾಸಗಿ ಮಸೂದೆ ಇಲ್ಲ. ಒಂದೇ ನಗರಕ್ಕೆ ಸೇರಿದ ಕಾನೂನನ್ನೂ ಸರ್ಕಾರವೇ ವಿಧಾನಮಂಡಲಕ್ಕೆ ತರುತ್ತದೆ. ಗ್ರೇಟರ್ ಬೆಂಗಳೂರು ಆಡಳಿತ ಮಸೂದೆ ಹಾಗೆಯೇ ಬಂತು. ಅದನ್ನು ಎರಡೂ ಸದನಗಳ ಜಂಟಿ ಸಮಿತಿಗೆ ಕಳಿಸಿದ್ದರು. ಆದರೆ ಅಲ್ಲಿ ನಾಗರಿಕರು ಸಲಹೆ ಕೊಡಬಹುದಷ್ಟೆ, ಎದುರಾಳಿಯಾಗಿ ನಿಂತು ಅಧಿಕಾರಿಗಳನ್ನು ಪಾಟೀಸವಾಲು ಮಾಡುವ ಹಕ್ಕಿಲ್ಲ.

ಬೀದಿ ವ್ಯಾಪಾರಿಗಳಿಗೆ ನಮ್ಮಲ್ಲಿ ಇರುವ ಆಸರೆ 2014ರ ಕೇಂದ್ರ ಕಾಯ್ದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40 ಶೇಕಡ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು ಎನ್ನುತ್ತದೆ ಅದು. ಸಮೀಕ್ಷೆ ಮುಗಿಯುವ ಮೊದಲು ಎತ್ತಂಗಡಿ ಮಾಡುವಂತಿಲ್ಲ. ಅಂದರೆ ನಮ್ಮಲ್ಲಿ ವ್ಯಾಪಾರಿಯ ಮಾತಿಗೆ ಜಾಗ ಇರುವುದು ಕಾನೂನು ಜಾರಿಯಾಗುವಾಗ, ಅಲ್ಲಿ ಕಾನೂನು ಬರೆಯುವಾಗಲೂ.

ಈ ಪದ್ಧತಿ ಈಗಲೂ ಬಳಕೆಯಲ್ಲಿದೆಯೇ?

ಇದೆ, ಆದರೆ ಮಸೂದೆಗಳು ತುಂಬಾ ಕಡಿಮೆಯಾಗಿವೆ. ರೈಲು, ಟ್ರಾಮ್ ಯೋಜನೆಗಳು 1992ರ ಸಾರಿಗೆ ಮತ್ತು ಕಾಮಗಾರಿ ಕಾಯ್ದೆಯ ಆದೇಶಗಳ ಕಡೆ ಹೋದವು. ಪೆಡ್ಲರ್ಸ್ ಕಾಯ್ದೆಯನ್ನೇ ರದ್ದು ಮಾಡಬೇಕೇ ಎಂದು ಸರ್ಕಾರ 2012ರಲ್ಲಿ ಜನರ ಅಭಿಪ್ರಾಯ ಕೇಳಿತ್ತು. ರದ್ದಾಗಲಿಲ್ಲ.

ಬ್ರಿಟನ್ನಿನಲ್ಲಿರುವ ನನಗೆ ಇಂಥ ಮಸೂದೆಯಿಂದ ತೊಂದರೆಯಾಗುತ್ತದೆ. ಅರ್ಜಿಯಲ್ಲಿ ಏನು ಬರೆಯಲಿ?

ಮೊದಲು ಲಾರ್ಡ್ಸಿನ ಖಾಸಗಿ ಮಸೂದೆ ಕಚೇರಿಗೆ ಫೋನ್ ಮಾಡಿ ಗಡುವು ತಿಳಿದುಕೊಳ್ಳಿ. ಅಲ್ಲಿನ ಸಿಬ್ಬಂದಿ ಅರ್ಜಿಯ ನಮೂನೆ, ಕ್ರಮ ಹೇಳಿಕೊಡುತ್ತಾರೆ. ಬರೆಯುವಾಗ, ಯಾವ ಕಲಮಿನಿಂದ ನಿಮಗೆ ಏನು ತೊಂದರೆ ಎಂಬುದನ್ನು ಕಲಮಿನ ಸಂಖ್ಯೆ ಸಮೇತ ಬರೆಯಿರಿ. ಅರ್ಜಿಯಲ್ಲಿ ಇಲ್ಲದ ವಿಷಯವನ್ನು ಸಮಿತಿಯ ಮುಂದೆ ಎತ್ತಲು ಬಿಡುವುದಿಲ್ಲ, ಹಾಗಾಗಿ ಒಂದು ಅಂಶವನ್ನೂ ಬಿಡಬೇಡಿ. ಮಸೂದೆ ಬೇಡವೇ ಬೇಡ ಎಂದು ವಾದಿಸುವುದಾದರೂ, ಒಂದು ವೇಳೆ ಉಳಿಸಿಕೊಂಡರೆ ಈ ಕಲಮನ್ನು ಹೀಗೆ ತಿದ್ದಿ ಎಂದು ನಿಮ್ಮದೇ ಮಾತಿನಲ್ಲಿ ಒಂದು ಸಾಲು ಬರೆದುಕೊಡಿ. ಕಾನೂನಿನ ಭಾಷೆ ಬೇಕಿಲ್ಲ, ಅದನ್ನು ಸರಿಮಾಡಲು ಅಲ್ಲಿ ಜನ ಇದ್ದಾರೆ. ನಿಮ್ಮ ಗಾಡಿಯ ಫೋಟೋ, ಸರ್ಟಿಫಿಕೇಟ್, ನೀವು ತಿರುಗುವ ದಾರಿಯ ನಕ್ಷೆ ಜೊತೆಗಿರಲಿ.